ಗೋಣಿ ಇಲ್ಲದ ಊರುಗಳು

ಗೋಣಿಚೀಲದ ಬೆನ್ನು ಹತ್ತಿದವನಿಗೆ ಊರಿಗೊಂದು ಫಜೀತಿ ತಪ್ಪಿದ್ದಲ್ಲ. ನನ್ನಂಥ ಗಟ್ಟಿಗನನ್ನಂತೂ ಫಜೀತಿಗಳು ಹುಡುಕಿಕೊಂಡೇ ಬರುತ್ತವೆ. ಯುದ್ಧದ ಕಾಲ. ಹೊಸ ಗೋಣಿ ಕಣ್ಣಿಗೇ ಬೀಳುತ್ತಿರಲಿಲ್ಲ. ಚನ್ನಗಿರಿಯ ನಮ್ಮ ಅಡಿಕೆ ಮಂಡಿಯ ಸಾಹುಕಾರರು ಹಮಾಲರಲ್ಲೊಬ್ಬನಾದ ನನ್ನನ್ನು ಕರೆದು ಗುಡುಗಿದರು: “ಊರೂರು ತಿರುಗಿ ಹಳೇ ಗೋಣಿ ತಗಂಬಾ. ಅಡಿಕೆಯೆಲ್ಲ ಚೀಲ ಸೇರಿದ್ರೆ ಹಮಾಲರಿಗೆಲ್ಲ ನೀನೇ ಮುಕದ್ದಮ. ಒಂದು ಬುಟ್ಟಿ ನೆಲದ ಮ್ಯಾಲೆ ಉಳೀತೋ, ಆ ಕೆಲಸ ನನ್ನ ಅಳಿಯಂಗೆ!”

ಆ ಅಳಿಯನಿಗೆ ಚೀಲ ಹೊಲಿಯೋ ದಬ್ಬಣ ಹಿಡಿಯಾಕೂ ಬಾರದು! ಗಾಡಿ ಹೂಡಿದೆ.

ಜಗಳೂರು

ಗೌಡರೊಬ್ಬರು ಕೂರಿಸಿ ಮಜ್ಜಿಗೆ ಕೊಟ್ಟರು.

“ಗೋಣಿ ಐತೇನ್ರಿ ಗೌಡ್ರೇ?”

“ಒಂದೂ ಇಲ್ಲಪ್ಪ.”

“ಮತ್ತೆ ನಾನು ಕುಂತಿರೋದು?”

“ಅದು ತಟ್ಟು, ಹಾಸಿ ಕೂರೋದು! ಬಂದೋರನ್ನ ಗೋಣಿ ಮ್ಯಾಲೆ ಕೂರಿಸೋ ಮನೆತನ ಅಲ್ಲ ನಮ್ದು!”

ಹೊನ್ನಾಳಿ

ಜಡಿಮಳೆ. ಅಜ್ಜಿಯೊಬ್ಬಳು ಗೋಣಿಯ ಮೂಲೆ ಮಡಚಿ ತಲೆಗೆ ಹಾಕಿಕೊಂಡು ಬಂದಳು.

“ಅಜ್ಜೀ, ಆ ಗೋಣಿ ಕೊಡ್ತೀಯಾ?”

“ಇದು ಕೊಪ್ಪೆ ಕಣೋ. ಗೋಣಿ ತಲೆಗೆ ಹಾಕ್ಕಂಡು ಊರಾಗೆ ಓಡಾಡಾಕೆ ನನಗೇನು ಹುಚ್ಚಾ?”

ನ್ಯಾಮತಿ

ಇಲ್ಲಿ ನಾನು ಜಾಣನಾದೆ. ಸಾಬರ ಅಂಗಡಿಗೆ ಹೋಗಿ, ಗೋಣಿ ಅನ್ನದೆ ಅವರ ಮಾತಲ್ಲೇ ಕೇಳಿದೆ: “ಚಾಚಾ, ಬೋರಾ ಐತಾ?”

ಹಿತ್ತಲಲ್ಲಿ ರಾಶಿ ರಾಶಿ ಬೋರಾ! ಹಮಾಲರನ್ನು ಕರೀತೀನಿ ಅಂದರು ಚಾಚಾ. “ನನ್ನ ಹೆಗಲು ಇರುವಾಗ ಹಮಾಲರು ಯಾಕ್ರೀ?” ಎಂದು ಅಷ್ಟನ್ನೂ ಒಂದೇ ಹೊರೆ ಮಾಡಿ ಹೊತ್ತೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೀನು! ನಾನು ಸೀನಿದೆ, ಬೀದಿ ಸೀನಿತು, ನನ್ನ ಎತ್ತುಗಳೂ ಸೀನಿದವು.

ಚಾಚಾ ಮೂಗು ಒರೆಸಿಕೊಂಡು ಹೇಳಿದರು: “ಮೆಣಸಿನಕಾಯಿ ಬೋರಾ ಅಂತ ಹೇಳಾಕೆ ಬಾಯಿ ತೆಗೆದ್ನಪ್ಪಾ. ನಿನ್ನ ಬಡಾಯಿ ಮಧ್ಯೆ ಜಾಗ ಎಲ್ಲಿತ್ತು?”

ಚನ್ನಗಿರಿ

ಬೋರಾಗಳನ್ನೆಲ್ಲ ಹೊಳೆಯಲ್ಲಿ ಜಾಲಿಸಿ, ಒಣಗಿಸಿ, ಅಡಿಕೆ ತುಂಬಿ ಹೊಲಿದೆ. ದಾವಣಗೆರೆಗೆ ಹೊರಡುವ ಗಾಡಿಗಳು ಬಾಗಿಲಲ್ಲಿ ನಿಂತಿವೆ. ಒಂದೇ ಒಂದು ಗುಡ್ಡೆ ಅಡಿಕೆ ನೆಲದ ಮೇಲೆ ಉಳಿಯಿತು, ಚೀಲ ಮುಗಿದಿತ್ತು! ಅಳಿಯ ಆಗಲೇ ಮೀಸೆ ತಿರುವುತ್ತಿದ್ದ.

ಅಷ್ಟರಲ್ಲಿ ಸಾಹುಕಾರರು ಎಲೆಅಡಿಕೆ ಉಗುಳಲು ಎದ್ದರು. ಅವರು ಕೂರುವ ಗಾದಿಯ ಬಿಳಿ ಹೊದಿಕೆ ಸರಿಯಿತು. ಒಳಗೆ ಹುಲ್ಲು ತುಂಬಿದ ಗಟ್ಟಿಮುಟ್ಟು ಗೋಣಿ! ಹುಲ್ಲು ಸುರಿದೆ, ಅಡಿಕೆ ತುಂಬಿದೆ, ದಬ್ಬಣ ಆಡಿಸಿದೆ. ಹೊದಿಕೆಯನ್ನು ಮಾತ್ರ ಮರ್ಯಾದೆಯಿಂದ ಮೊದಲಿನ ಜಾಗದಲ್ಲೇ ಹಾಸಿದೆ.

ಸಾಹುಕಾರರು ಬಂದು ಕೂತರು. ಧಡ್!

“ಅಯ್ಯಯ್ಯೋ! ಲೇ, ಅದು ಗೋಣಿ ಅಲ್ಲೋ, ನನ್ನ ಗಾದಿ!”

“ಆಗ ಗಾದಿ. ಈಗ ಅಡಿಕೆ ಮೂಟೆ ಸಾಹುಕಾರ್ರೇ. ನೆಲ ನೋಡ್ಕಳ್ರಿ, ಒಂದು ಬುಟ್ಟಿ ಅಡಿಕೆನೂ ಇಲ್ಲ!”

ಮಂಡಿಗೆ ಮಂಡಿಯೇ ನಕ್ಕಿತು. ಈಗ ನಾನೇ ಮುಕದ್ದಮ. ಸಾಹುಕಾರರು ಮಾತ್ರ ನಾನು ಒಳಗೆ ಕಾಲಿಟ್ಟ ಕೂಡಲೇ, ಗಾದಿಯ ಎರಡೂ ತುದಿ ಹಿಡಿದುಕೊಂಡೇ “ಬಾರಪ್ಪಾ” ಅಂತಾರೆ.