ತುಪ್ಪ ಹೆಚ್ಚಾಗೈತಿ

ಉಪ್ಪಿನಬೆಟಗೇರಿಯ ಚನ್ನಬಸವ್ವನ ಅಡುಗೆಮನೆಯಲ್ಲಿ ಯಾವ ಪದಾರ್ಥವೂ ತೀರುವುದಿಲ್ಲ. ತೀರಿದರೂ ಹಾಗೆನ್ನುವಂತಿಲ್ಲ. ಒಡೆದ ಬಳೆ, ಬರಿದಾದ ಸಕ್ಕರೆ ಡಬ್ಬಿ, ಆಕೆಯ ಬಾಯಲ್ಲಿ ಎಲ್ಲವೂ ‘ಹೆಚ್ಚಾಗುತ್ತವೆ’. ‘ಇಲ್ಲ’ ಎಂದರೆ ಲಕ್ಷ್ಮಿ ಕೇಳಿಸಿಕೊಂಡು ಎದ್ದು ಹೋಗುತ್ತಾಳಂತೆ. (ಆ ಮನೆಯಲ್ಲಿ ಯಾರಿಗಾದರೂ ಕಿವಿ ಕೇಳಿಸುತ್ತದೆ ಎಂಬುದು ಗಂಡ ಮಹಾಂತಯ್ಯನಿಗೆ ಹೊಸ ಸುದ್ದಿ.)

ಶಿಲ್ಲಾಂಗಿನ ಬ್ಯಾಂಕಿನಲ್ಲಿರುವ ಮಗ ಅಮರೇಶನಿಗೆ ಆಕೆ ಭಾನುವಾರಕ್ಕೊಮ್ಮೆ ಫೋನಿನಲ್ಲಿ ಮನೆಯ ವರದಿ ಒಪ್ಪಿಸುತ್ತಾಳೆ. ಗಬ್ಬದ ಎಮ್ಮೆಯ ಹಾಲು ಬತ್ತಿದ ತಿಂಗಳು, “ಎಲ್ಲಾ ಆರಾಮ ಐತಪಾ. ತುಪ್ಪ ಅಷ್ಟ ಹೆಚ್ಚಾಗೈತಿ,” ಎಂದಳು. ಬಾಲ್ಯವೆಲ್ಲ ಹಾಸ್ಟೆಲ್ಲಿನಲ್ಲಿ ಕಳೆದ ಮಗ ಅದನ್ನು ಅಕ್ಷರಶಃ ನಂಬಿದ.

ಮರುವಾರ ಅವನ ಮ್ಯಾನೇಜರರ ತಂಗಿ ರಜನಿ, ಮೈಸೂರು ಕಡೆಯವರು, ಹತ್ತಿರದ ಪಟ್ಟಣದ ಸಪ್ತಾಪುರ ಬಡಾವಣೆಯಿಂದ ಸ್ಕೂಟರಿನಲ್ಲಿ ದೊಡ್ಡದೊಂದು ಸ್ಟೀಲ್ ಡಬ್ಬಿ ಇಟ್ಟುಕೊಂಡು ಬಂದರು.

“ತುಪ್ಪ ಹೆಚ್ಚಾಗಿದೆಯಂತಲ್ಲಮ್ಮ. ಅಮರೇಶ್ ಹೇಳಿದ್ರು.”

“ಹೌದ್ರಿ ಅಕ್ಕಾರ, ಪೂರಾ ಹೆಚ್ಚಾಗೈತ್ರಿ,” ಎಂದಳು ಚನ್ನಬಸವ್ವ, ಮುಖ ಸಣ್ಣ ಮಾಡಿಕೊಂಡು.

“ಸದ್ಯ, ದೊಡ್ಡ ಡಬ್ಬೀನೇ ತಂದೆ.”

ಬರಿಗೈಯಲ್ಲಿ ಕಳಿಸಿದರೆ ಮಗನ ಮರ್ಯಾದೆ ಹೋಗುತ್ತದೆ. ಖಾಲಿ ಎಂದರೆ ಲಕ್ಷ್ಮಿ ಹೋಗುತ್ತಾಳೆ. ಚನ್ನಬಸವ್ವ ಹಿತ್ತಿಲ ಬಾಗಿಲಿನಿಂದ ಹೊರಟು, ಸತ್ತರೂ ಯಾರ ಮುಂದೆ ಕೈಯೊಡ್ಡುವುದಿಲ್ಲ ಎಂದಿದ್ದಳೋ ಆ ನೆರೆಮನೆಯ ಫಕೀರವ್ವನ ಮುಂದೆಯೇ ಹೋಗಿ ನಿಂತಳು. ಫಕೀರವ್ವ ಧಾರಾಳಿ. ಇವಳಿಗೆ ತುಪ್ಪ ಕೊಟ್ಟಳು, ಓಣಿಗೆ ಸುದ್ದಿ ಕೊಟ್ಟಳು.

ಆ ಸಂಜೆ ಮಗನಿಗೆ ಫೋನಿನಲ್ಲೇ ಮಂಗಳಾರತಿಯಾಯಿತು.

“ಹೆಚ್ಚಾಗೈತಿ ಅಂದ್ರ ಖಾಲಿ ಆಗೈತಿ ಅಂತ ತಿಳೀಬೇಕೋ ಹುಚ್ಚಪ್ಯಾಲಿ. ತಲ್ಯಾಗ ಇಟ್ಕೋ.”

“ಆತವ್ವಾ, ಇನ್ನ ಮರಿಯೂದಿಲ್ಲ.”

ಮರೆಯಲೂ ಇಲ್ಲ.

ಎಮ್ಮೆ ಈಯಿತು. ಚನ್ನಬಸವ್ವನಿಗೆ ಹೋದ ಜೀವ ಬಂತು. ಪಡೆದ ತುಪ್ಪ ತಿರುಗಿಸಿದ್ದಲ್ಲದೆ, ದಿನಾ ಬಂದು ತಂಬಿಗೆ ಹಾಲು ಒಯ್ಯಬೇಕೆಂದು ಫಕೀರವ್ವನಿಗೆ ಓಣಿಗೆಲ್ಲ ಕೇಳುವಂತೆ ಅಪ್ಪಣೆ ಮಾಡಿದಳು. ಭಾನುವಾರ ಮಗನಿಗೂ ಹೇಳಿದಳು: “ಮನ್ಯಾಗ ಹಾಲು ಭಾಳ ಹೆಚ್ಚಾಗೈತಪಾ.” ಎಮ್ಮೆಯ ಸುದ್ದಿಗೆ ಬರುವಷ್ಟರಲ್ಲಿ ಲೈನ್ ಕಟ್ಟಾಯಿತು.

ಶಿಲ್ಲಾಂಗಿನ ಪಾರ್ಸಲ್ಲು ಬಂದಾಗ ಫಕೀರವ್ವ ತಂಬಿಗೆ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ಮಗ ಕಳಿಸಿದ್ದನ್ನು ಇವಳೂ ಕಣ್ತುಂಬ ನೋಡಲಿ ಎಂದು ಚನ್ನಬಸವ್ವ ಅಲ್ಲೇ ಬಿಚ್ಚಿದಳು. ಒಳಗೆ ಸಾಲಾಗಿ ಹಾಲಿನ ಪುಡಿಯ ಪಾಕೀಟುಗಳಿದ್ದವು.

ಫಕೀರವ್ವ ತನ್ನ ತಂಬಿಗೆಯನ್ನು ಮೆಲ್ಲಗೆ ಸೆರಗಿನಲ್ಲಿ ಮುಚ್ಚಿಕೊಂಡಳು.

“ಯಕ್ಕಾ,” ಎಂದಳು, “ಹಾಲೂ ಹೆಚ್ಚಾತೇನ?”