ಬೇಸ್‌ಬಾಲ್ ಭಾವನ ಸಂಬಳಶಾಸ್ತ್ರ

ನಮ್ಮ ಭಾವನಿಗೆ ಬೇಸ್‌ಬಾಲ್ ಬಗ್ಗೆ ಎಲ್ಲವೂ ಗೊತ್ತು, ಆಟವೊಂದನ್ನು ಬಿಟ್ಟು! ಅಮೆರಿಕದ ಯಾವ ತಂಡ ಯಾವ ಆಟಗಾರನಿಗೆ ಎಷ್ಟು ಡಾಲರ್ ಸುರಿಯುತ್ತದೆ, ಯಾರ ಕರಾರು ಯಾವಾಗ ಮುಗಿಯುತ್ತದೆ, ಎಲ್ಲ ಬಾಯಿಪಾಠ. ಆದರೆ ಚೆಂಡಿಗೆ ಹೊಡೆದವನು ಆಮೇಲೆ ಯಾವ ಕಡೆ ಓಡುತ್ತಾನೆ ಎಂದು ಕೇಳಿ ನೋಡಿ! "ಆಟ ಎಂತಕ್ಕೆ ನೋಡ್ಬೇಕು ಮಾರಾಯ? ಸಂಬಳ ನೋಡಿದ್ರೆ ಸಾಲ್ದಾ?" ಎನ್ನುತ್ತಾರೆ.

ಈ ಹುಚ್ಚು ಎಲ್ಲಿಂದ ಅಂಟಿತು ಎಂದಿರಾ? ಮಸ್ಕತ್ತಿನ ಘಾಲಾದ ಒಂದು ಕಂಪನಿಯಲ್ಲಿ ಭಾವ ಸಂಬಳ ವಿಭಾಗದ ಗುಮಾಸ್ತರು. ಗಾರೆಯವನಿಂದ ಮ್ಯಾನೇಜರ್‌ವರೆಗೆ ಎಲ್ಲರ ಸಂಬಳವೂ ಇವರ ಕೈ ದಾಟಿಯೇ ಹೋಗಬೇಕು. ಇಡೀ ದಿನ ಒಮಾನಿನ ರಿಯಾಲು, ಚಿಲ್ಲರೆ ಬೈಸಾಗಳಲ್ಲಿ ಮುಳುಗಿದವರಿಗೆ ಮನೆಗೆ ಬಂದು ಕೋಟಿಗಟ್ಟಲೆ ಡಾಲರಿನ ಸಂಬಳ ಓದುವುದೇ ವಿಶ್ರಾಂತಿ. ಮೀನು ಹಿಡಿಯುವವನು ಸಂಜೆ ಸಮುದ್ರ ನೋಡಲು ಹೋದ ಹಾಗೆ!

ಅಲ್ ಮವಾಲೇಹ್‌ನ ಅವರ ಫ್ಲ್ಯಾಟಿಗೆ ನಾನು ಬಂದು ಬಿದ್ದದ್ದು ಕೆಲಸ ಕಳೆದುಕೊಂಡು. ನನ್ನ ಕಂಪನಿ ಬಾಗಿಲು ಹಾಕಿತ್ತು. ಕೆಲಸ ಕೊಟ್ಟು ವೀಸಾಕ್ಕೆ ಹೊಣೆ ನಿಲ್ಲುವ ಹೊಸ ಕಫೀಲ್ ಬೇಗ ಸಿಗದಿದ್ದರೆ ಗಂಟುಮೂಟೆ ಕಟ್ಟಿ ಮಂಗಳೂರಿನ ವಿಮಾನ ಹತ್ತಬೇಕು. ನನಗೆ ಅನ್ನ ಸೇರುತ್ತಿರಲಿಲ್ಲ. ಭಾವನಿಗೋ ಮಹಾ ಉತ್ಸಾಹ! "ಹೆದರ್ಬೇಡ. ನೀನೀಗ ಫ್ರೀ ಏಜೆಂಟ್! ಕರಾರು ಮುಗಿದ ಆಟಗಾರ. ಯಾವ ತಂಡಕ್ಕೆ ಬೇಕಾದ್ರೂ ಹೋಗ್ಬಹುದು. ಬೇಸ್‌ಬಾಲಲ್ಲಿ ಇಂಥವರಿಗೇ ದೊಡ್ಡ ಸಂಬಳ, ಗೊತ್ತುಂಟಾ?"

ಸಂಬಳಕ್ಕೆ ಮಿತಿಮೀರಿ ಸುರಿಯುವ ತಂಡ ಅಲ್ಲಿ ದಂಡ ತೆರಬೇಕಂತೆ. ಭಾವ ಆ ಕಾನೂನನ್ನು ಅಡುಗೆಮನೆಗೂ ತಂದರು. ಒಂದೇ ವಾರದಲ್ಲಿ ಅಕ್ಕ ಎರಡನೆಯ ಸಲ ದುಬಾರಿ ಅಂಜಲ್ ಮೀನು ತಂದಾಗ, "ಮಿತಿ ಮೀರಿತು, ದಂಡ ಕಟ್ಟು" ಎಂದರು. ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು.

"ಆಯ್ತು. ಮೊದ್ಲು ಈ ತಂಡದಲ್ಲಿ ನನ್ನ ಸಂಬಳ ಎಷ್ಟು ಹೇಳಿ!"

ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತದೆ ಹೇಳಿದಳು: "ಕೇರ್‌ಫುಲ್ ಪಪ್ಪಾ, ಮಮ್ಮಿ ಈಸ್ ಆಲ್ಸೋ ಅ ಫ್ರೀ ಏಜೆಂಟ್!" ಆ ದಿನ ಭಾವನ ಬಟ್ಟಲಿಗೆ ಬಾಲದ ತುಂಡು ಮಾತ್ರ ಬಿತ್ತು.

ಕೊನೆಗೆ ಘಾಲಾದ್ದೇ ಒಂದು ವಾಹನ ಬಿಡಿಭಾಗಗಳ ಗೋದಾಮಿನಿಂದ ನನಗೆ ಕರೆ ಬಂತು. ಬಿಲ್ ಬರೆಯುವ ಕೆಲಸ. ಭಾವ ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಹೊರಟೇಬಿಟ್ಟರು!

"ನೀವೆಂತಕ್ಕೆ ಭಾವ?"

"ನಾನು ನಿನ್ನ ಏಜೆಂಟ್. ಆಟಗಾರ ತನ್ನ ಸಂಬಳದ ಮಾತು ತಾನೇ ಎತ್ತುದಿಲ್ಲ. ಅದಕ್ಕೇ ಏಜೆಂಟ್ ಇರುದು."

ಬಿಳಿ ನಿಲುವಂಗಿ ದಿಶ್‌ದಾಶಾ ತೊಟ್ಟ ಹಿರಿಯ ಮಾಲೀಕರು ಖರ್ಜೂರ, ಕಹ್ವಾ ಕಾಫಿ ಮುಂದಿಟ್ಟು ಸಂಬಳ ಹೇಳಿದರು. ಒಪ್ಪಿದೆ ಎನ್ನಲು ಬಾಯಿ ತೆರೆದೆ. ಭಾವ ನನ್ನ ಕಾಲು ತುಳಿದರು! ಆಮೇಲೆ ಅವರ ಹಿಂದಿಗೆ ತಡೆಯೇ ಇಲ್ಲ. ಸಹಿ ಹಾಕುವಾಗಲೇ ಬೋನಸ್ ಕೊಡಬೇಕು, ಒಪ್ಪಿಗೆಯಿಲ್ಲದೆ ದೂರದ ಬರ್ಕಾ ಊರಿನ ಅವರ ಅಂಗಡಿಗೆ ವರ್ಗ ಮಾಡಬಾರದು, ಗಾಯವಾಗಿ ಮಲಗಿದರೂ ಪೂರ್ತಿ ಸಂಬಳ. ಯಾಕೆಂದರೆ ಬೇಸ್‌ಬಾಲಿನಲ್ಲಿ ಹಾಗೇ ಅಂತೆ!

ಮಾಲೀಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹಿಂದಿಯಲ್ಲೇ ಕೇಳಿದರು, "ಇವನು ಬ್ಯಾಟ್ ಬೀಸುತ್ತಾನಾ?"

"ಇಲ್ಲ ಅರಬಾಬ್, ಬಿಲ್ ಬರೆಯುತ್ತಾನೆ. ಆದರೆ ಒಂದೂ ತಪ್ಪುವುದಿಲ್ಲ."

ನನಗೆ ಮಂಗಳೂರಿನ ವಿಮಾನ ಕಣ್ಣೆದುರೇ ಕಾಣಿಸಿತು. ಮಾಲೀಕರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೋನಸ್ ಇಲ್ಲ. ಬರ್ಕಾಕ್ಕೆ ಕಳಿಸುವುದಿಲ್ಲ. ಸಂಬಳ ಸ್ವಲ್ಪ ಏರಿಸುತ್ತೇನೆ. ಖಲಾಸ್! ಇನ್ನು ಈ ಮನುಷ್ಯನನ್ನು ಕರೆದುಕೊಂಡು ಹೋಗು."

ಕಾರಿನಲ್ಲಿ ನನಗೆ ಹಿಡಿಸಲಾರದಷ್ಟು ಖುಷಿ. "ಭಾವ, ಹೀಗೆ ಮಾತಾಡುವ ನಿಮ್ಮ ಸಂಬಳ ಈಗ ಆಕಾಶದಲ್ಲಿ ಇರ್ಬೇಕಲ್ಲ?" ಎಂದೆ.

ಸಿಗ್ನಲ್ ಹಸಿರಾದರೂ ಗಾಡಿ ಹೊರಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದ ಮೇಲೆ ಭಾವ ಹೇಳಿದರು, "ಕಂಪನಿಯವರಾಗಿ ಕೊಟ್ಟದ್ದು ಎಷ್ಟೋ ಅಷ್ಟೇ. ಎಲ್ಲರಿಗೆ ಏರಿದ್ದನ್ನು ಟೈಪ್ ಮಾಡುದು ನಾನೇ ಅಲ್ವಾ? ಪ್ರತಿ ವರ್ಷ ಕೇಳ್ಬೇಕು ಅಂತ ಮ್ಯಾನೇಜರರ ಬಾಗಿಲವರೆಗೆ ಹೋಗ್ತೇನೆ. ನನ್ನದೇ ವಿಷಯ ಅಂದ್ರೆ ನಾಲಗೆ ಏಳುದಿಲ್ಲ ಮಾರಾಯ. ನಂಗೆ ಏಜೆಂಟ್ ಇಲ್ವಲ್ಲ!" ಎಂದು ತಾವೇ ನಕ್ಕರು.

ನನಗೆ ನಗು ಬರಲಿಲ್ಲ. ಮನೆಮಂದಿಯೆಲ್ಲ ಸೇರಿ ಆಡಿಕೊಂಡ ಈ ಮನುಷ್ಯನ ಮೇಲೆ ಹೊಟ್ಟೆಯೊಳಗಿಂದ ಪ್ರೀತಿ ಉಕ್ಕಿ ಬಂತು. ಅವರ ಆಫೀಸು ಮುಂದಿನ ತಿರುವಿನಲ್ಲೇ ಇತ್ತು.

"ಭಾವ, ಗಾಡಿ ಆಫೀಸಿಗೆ ತಿರುಗಿಸಿ."

"ಎಂತಕ್ಕೆ? ನಂಗೆ ಇವತ್ತು ರಜೆ."

"ನೀವು ಬಾಯಿ ತೆರೀಬಾರ್ದು. ಸುಮ್ನೆ ನನ್ನ ಪಕ್ಕ ಕೂತ್ಕೊಳ್ಳಿ. ನಾನು ಮಾತಾಡ್ತೇನೆ."

ತಿರುವು ಹತ್ತಿರವಾದಾಗ ಭಾವ ಇಂಡಿಕೇಟರ್ ಹಾಕಿದರು. ಅಂಗಿಯ ಕಾಲರ್ ಸರಿಮಾಡಿಕೊಂಡರು.

"ಜಾಸ್ತಿ ಕೇಳ್ಬೇಡ ಮಾರಾಯ," ಎಂದರು.