ರೊಟ್ಟಿ ಬಡಿಯುವಷ್ಟು ಜಾಗ

ಎರಡು ಸರ್ಕಾರಿ ಕಚೇರಿಗಳು ಕೂಡಿ ಬಡವರಿಗೆ ಮನೆ ಕಟ್ಟಲು ಹೊರಟರೆ ಏನೇನಾಗುತ್ತದೆ ಎಂದು ನನ್ನನ್ನು ಕೇಳಿ. ಜಾಗ ಕೊಡುವ ಕಚೇರಿ ಬೀದರಿನದು, ಕಟ್ಟುವ ಕಚೇರಿ ಭಾಲ್ಕಿಯದು, ಮನೆಗಳು ಔರಾದಿನಲ್ಲಿ. ಮೂರೂ ಊರಿಗೆ ಬಸ್ಸಿನಲ್ಲಿ ಅಲೆಯುವ ನಕ್ಷೆಗಾರ ನಾನು. ಮೊದಲ ಮನೆ ಔರಾದ ಬಸ್ ನಿಲ್ದಾಣದ ಬಳಿ ಜೋಳದ ರೊಟ್ಟಿ ಮಾರುವ ಒಬ್ಬ ಅಮ್ಮನಿಗೆ ಮಂಜೂರಾಗಿತ್ತು. ಆಕೆಯ ಹಟ ಒಂದೇ, ಅಡುಗೆಮನೆಯಲ್ಲಿ ಕೂತು ರೊಟ್ಟಿ ಬಡಿಯಲು ಜಾಗ ಬೇಕು. ಅದಿಲ್ಲದಿದ್ದರೆ ಆಕೆಗೆ ಹೊಟ್ಟೆಪಾಡೇ ಇಲ್ಲ.

೧. ಜಂಟಿ ಸಭೆ

ಆಕೆಯ ಅರ್ಜಿಯ ಮೇಲೆ ಸಭೆ ಎಂದಾಯಿತು. "ನಾವೇ ನಿಮ್ಮಲ್ಲಿಗೆ ಬರುತ್ತೇವೆ" ಎಂದು ಎರಡೂ ಕಚೇರಿಗಳು ಒಂದೇ ದಿನ ಪತ್ರ ಬರೆದವು. ಬೀದರಿನ ಸಾಹೇಬರು ಭಾಲ್ಕಿಯಲ್ಲಿ ಕಾದರು, ಭಾಲ್ಕಿಯ ಸಾಹೇಬರು ಬೀದರಿನಲ್ಲಿ. ತಾವಾಗಿ ಫೋನ್ ಮಾಡಲು ಇಬ್ಬರಿಗೂ ಬಿಗುಮಾನ. ಸಂಜೆ ಇಬ್ಬರೂ "ಎದುರಿನವರು ಗೈರುಹಾಜರು" ಎಂದು ಬರೆಸಿದರು.

"ದಾರ್‍ಯಾಗ ಅವರ ಜೀಪ್ ಸಿಕ್ಕಿತ್ರಿ, ಕೈ ಸುದ್ದಾ ಮಾಡಿದೆವು" ಎಂದ ಬೀದರಿನ ಸಾಹೇಬರ ಡ್ರೈವರ್.

೨. ನಕ್ಷೆ

ಅಮ್ಮ ತಾನೇ ಭಾಲ್ಕಿಗೆ ಬಂದಳು. "ಅಡಗಿಮನಿ ಎಲ್ಲದರಿ?" ಎಂದಳು. ಸಾಹೇಬರು ನಕ್ಷೆಯ ಮೇಲೆ ಬೆರಳಿಟ್ಟರು. ಆಕೆ ಬಗ್ಗಿ ನೋಡಿದಳು.

"ನಿಮ್ಮ ಬೆರಳೇ ಅದರಾಗ ಹಿಡಿವಲ್ದು, ನಾ ಹ್ಯಾಂಗ ಹಿಡೀಲಿರಿ?"

ನಕ್ಷೆ ಬರೆದವನು ನಾನೇ. ನನಗೆ ನಾಚಿಕೆಯಾಯಿತು, ಮೆತ್ತಗೆ ಚಹಾ ಕುಡಿಯಲು ಹೊರಗೆ ಹೋದೆ.

೩. ಸುಣ್ಣದ ಗೆರೆ

ಔರಾದಿನಲ್ಲಿ ನೆಲದ ಮೇಲೆ ಸುಣ್ಣದಿಂದ ಮನೆಯ ಗೆರೆ ಹಾಕಿದ್ದೆವು. ಅಂತೂ ಇಬ್ಬರು ಸಾಹೇಬರೂ ಬಂದಿದ್ದರು. ಅಡುಗೆಮನೆಯ ಗೋಡೆ ಸರಿಸುವ ಅಧಿಕಾರ ನಿಮ್ಮದು ಎಂದು ಅವರು, ಅಲ್ಲ ನಿಮ್ಮದು ಎಂದು ಇವರು. ಅಷ್ಟರಲ್ಲಿ ಅಮ್ಮ ರೊಟ್ಟಿ ಬಡಿಯುವ ಅಗಲ ಪರಾತ, ಹಿಟ್ಟು ತಂದು ಅಡುಗೆಮನೆಯ ಗೆರೆಯೊಳಗೆ ಕೂತು ಪಟಪಟ ಬಡಿಯತೊಡಗಿದಳು.

"ಸಾಹೇಬ್ರ, ಒಂದೊಂದು ಏಟಿಗೂ ನನ್ನ ಮೊಣಕೈ ಪಾಯಖಾನಿದಾಗ ಹೋಗಿ ಬರಲತ್ತದ. ಈ ರೊಟ್ಟಿ ನೀವು ಉಣ್ತೀರೇನ್ರಿ?"

ಇಬ್ಬರೂ ಬೂಟಿನಿಂದ ಗೆರೆ ಅಳಿಸಿದರು. ಪಾಯಖಾನೆ ಎರಡು ಅಡಿ ಹಿತ್ತಲಿಗೆ ಸರಿಯಿತು. ಎರಡು ಕಚೇರಿಗಳು ಕೂಡಿ ಮಾಡಿದ ಮೊದಲ ಕೆಲಸ ಅದು. ಕಡತದಲ್ಲಿ ಬದಲಾವಣೆಗೆ ಕಾರಣ ಎಂಬಲ್ಲಿ ನಾನು "ರೊಟ್ಟಿ" ಎಂದು ಬರೆದೆ, ಯಾರೂ ತಕರಾರು ಮಾಡಲಿಲ್ಲ. ಬಡಾವಣೆಯ ಎಲ್ಲ ಮನೆಗಳಿಗೂ ಅದೇ ಅಳತೆ ಬಂತು. ನನಗಂತೂ ಹಿಗ್ಗೋ ಹಿಗ್ಗು.

೪. ಗೃಹಪ್ರವೇಶ

ಕೀಲಿ ಕೊಡುವ ದಿನ ಆಕೆಯ ಮನೆ ಮುಂದೆಯೇ ಶಾಮಿಯಾನ. ಕೀಲಿ ಕೈಗೆ ಬಂದದ್ದೇ ಅಮ್ಮ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ದೊಡ್ಡ ಅಡುಗೆಮನೆ ತಮ್ಮ ಯೋಚನೆ ಎಂದು ಬೀದರಿನ ಸಾಹೇಬರು ಭಾಷಣ ಮಾಡಿದರು. ಭಾಲ್ಕಿಯವರು ಎದ್ದು, ಅದು ತಮ್ಮದೇ ಎಂದರು. ಒಳಗಿನ ಪಟಪಟ ಸದ್ದು ನಿಂತಿತು. ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಜಗಳ ಯಾಕ್ರಿ? ಇಬ್ಬರೂ ಒಳಗ ಬಂದು ಒಂದೊಂದು ರೊಟ್ಟಿ ಬಡೀರಿ. ಯಾರದು ದುಂಡಗ ಆಗ್ತದೋ, ಅಡಗಿಮನಿ ಅವರದೇ ವಿಚಾರ."